ಊಟ ಯಾರ ಇಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಹಿರಿಯರು ಗಾದೆ ಕಟ್ಟಿದರು. ಹರೆಯದ ಮಕ್ಕಳನ್ನು ಮಾತ್ರ ಈ ಗಾದೆಯಿಂದ ಹೊರಗಿಟ್ಟಂತೆ ಕಾಣುತ್ತದೆ. ಅವರ ಪಾಲಿಗೆ ಊಟವೂ ಪರರಿಚ್ಛೆ, ನೋಟವೂ ಪರರಿಚ್ಛೆ. ನಮ್ಮ ಕಡೆಯ ಯಾವುದೇ ಮದುವೆ ಮನೆಗೆ ಹೋಗಿ ನೋಡಿ. ‘ಬೆಳೆಯೋ ಮಾಣಿ, ಹಾಕಿಸ್ಕೊ’ ಎಂದು ಬಡಿಸುವವರು ಹೋಳಿಗೆಯ ಮೇಲೆ ಹೋಳಿಗೆ ಹಾಕಿ ತುಪ್ಪ ಸುರಿಯುತ್ತಾರೆ. ಅದೇ ಮಾಣಿ ಕೈ ತೊಳೆದು ಬರುವಷ್ಟರಲ್ಲಿ, ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತವರು ‘ಎಂತ ಮಾರಾಯ, ಹಿಂಗೆ ಊದಿಬಿಟ್ಟಿದ್ದೀಯಲ್ಲ’ ಎನ್ನುತ್ತಾರೆ. ಬಡಿಸಿದವರೂ ನಾವೇ, ಹಂಗಿಸುವವರೂ ನಾವೇ. ನಡುವೆ ಆ ಹುಡುಗನನ್ನು ಯಾರೂ ಏನೂ ಕೇಳಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು ನಾನು. ಬೊಜ್ಜು ಪೇಟೆಯವರ ರೋಗ, ಘಟ್ಟದ ಮೇಲಿನ ನಮಗೇಕೆ ಎಂಬ ಮಾತು ಈಗ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದವರಲ್ಲಿ ಸುಮಾರು 16 ಕೋಟಿ ಮಂದಿಗೆ ಬೊಜ್ಜಿತ್ತು. ಅದಕ್ಕೆ ಚಿಕಿತ್ಸೆ ಬೇಕು, ಬೇಡವೆನ್ನುವುದಿಲ್ಲ. ನನ್ನ ತಕರಾರು ಇಷ್ಟೇ: ಮಗುವಿನ ಮೈಯ ಬಗ್ಗೆ ಮಗುವನ್ನು ಹೊರಗಿಟ್ಟು ತೀರ್ಮಾನ ಮಾಡುವ ಪದ್ಧತಿ ಇದೆಯಲ್ಲ, ಅದು ಅನ್ಯಾಯವಷ್ಟೇ ಅಲ್ಲ, ನಿಷ್ಪ್ರಯೋಜಕ ಕೂಡ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆಯ ಹೊತ್ತಿನಲ್ಲಿ ತಲೆಸುತ್ತಿ ಬಿದ್ದಳು. ತಾಯಿಯನ್ನು ಕರೆಸಿ, ನಾನೂ ಜೊತೆಗೆ ದವಾಖಾನೆಗೆ ಹೋದೆ. ವೈದ್ಯರು ತಾಯಿಯನ್ನು ಕೇಳಿದರು, ತಾಯಿ ಹೇಳಿದರು: ‘ತೂಕ ಜಾಸ್ತಿ ಆಗಿತ್ತು ಡಾಕ್ಟ್ರೇ, ಅದಕ್ಕೆ ರಾತ್ರಿ ಅನ್ನ ನಿಲ್ಲಿಸಿದ್ದೇನೆ, ಬೆಳಿಗ್ಗೆ ಲಿಂಬೆಹಣ್ಣು ಜೇನುತುಪ್ಪ ಕೊಡುತ್ತೇನೆ.’ ವೈದ್ಯರು ಒಂದು ಚೀಟಿ ಬರೆದು ತಾಯಿಯ ಕೈಗೆ ಕೊಟ್ಟರು. ಹುಡುಗಿ ಅಷ್ಟೂ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಮರುದಿನ ಅವಳನ್ನೇ ಕೂರಿಸಿಕೊಂಡು ಕೇಳಿದೆ. ‘ಅಕ್ಕೋರೇ, ನಮ್ಮೂರ ಬಸ್ಸು ಏಳೂ ಮುಕ್ಕಾಲಿಗೆ. ಆಸರಿಗೆ ತಿನ್ನಲು ಹೊತ್ತಿರುವುದಿಲ್ಲ. ಮಧ್ಯಾಹ್ನ ಬಿಸಿಯೂಟಕ್ಕೆ ಎರಡನೇ ಸಲ ತಟ್ಟೆ ಹಿಡಿದರೆ ಹುಡುಗರು ನಗುತ್ತಾರೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹಸಿವು ತಡೆಯುವುದಿಲ್ಲ, ಬೇಕರಿಗೆ ಹೋಗುತ್ತೇನೆ’ ಎಂದಳು. ರೋಗದ ಅರ್ಧ ಕಥೆ ಬಸ್ಸಿನ ವೇಳಾಪಟ್ಟಿಯಲ್ಲಿತ್ತು. ಅದು ತಾಯಿಗೆ ಗೊತ್ತಿಲ್ಲ, ವೈದ್ಯರಿಗೆ ಗೊತ್ತಿಲ್ಲ, ಗೊತ್ತಿದ್ದವಳನ್ನು ಯಾರೂ ಕೇಳಿರಲಿಲ್ಲ. ಪರಿಹಾರವನ್ನೂ ಅವಳೇ ಹೇಳಿದಳು: ತಿಂಡಿಯನ್ನು ಡಬ್ಬಿಯಲ್ಲಿ ತಂದು ಗಂಟೆ ಹೊಡೆಯುವ ಮೊದಲು ತಿನ್ನುವುದು, ಸಂಜೆ ಅಪ್ಪನ ಬೈಕಿಗೆ ಕಾಯದೆ ಡಾಂಬರು ರಸ್ತೆಯಿಂದ ಮನೆಯವರೆಗೆ ಗೆಳತಿಯ ಸಂಗಡ ನಡೆಯುವುದು. ತಾಯಿಗೆ ಹೇಳಿದೆ, ರಾತ್ರಿಯ ಅನ್ನವೂ ಮರಳಿ ಬಂತು. ವರ್ಷದ ಕೊನೆಗೆ ತೂಕ ಎಷ್ಟಾಯಿತೆಂದು ನಾನು ವಿಚಾರಿಸಲಿಲ್ಲ. ಮತ್ತೆ ತಲೆಸುತ್ತಿ ಬೀಳಲಿಲ್ಲ, ಆಟದ ಪೀರಿಯಡ್ಡಿಗೆ ಮೈದಾನಕ್ಕೆ ಇಳಿದಳು. ನನಗೆ ಅಷ್ಟು ಸಾಕು.

ಹರೆಯದಲ್ಲಿ ಮೈ ತುಂಬುವುದು ಸಹಜ. ತಕ್ಕಡಿಯ ಮೇಲಿನ ಅಂಕಿಯೊಂದೇ ರೋಗವಲ್ಲ. ಎತ್ತರ, ವಯಸ್ಸು, ಹುಡುಗನೋ ಹುಡುಗಿಯೋ ಎಲ್ಲವನ್ನೂ ನೋಡಬೇಕು. ಅದಕ್ಕೆಂದೇ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರ ಬೆಳವಣಿಗೆಯ ನಕ್ಷೆಗಳನ್ನು ಪರಿಷ್ಕರಿಸಿತು. ನಕ್ಷೆ ನೋಡದೆ, ಥೈರಾಯ್ಡ್ ಇದೆಯೋ ಮುಟ್ಟಿನ ತೊಂದರೆ ಇದೆಯೋ ಎಂದು ವಿಚಾರಿಸದೆ ಅನ್ನ ಕಸಿಯುವುದು ಯಾವ ವೈದ್ಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ. ದಪ್ಪಗಿದ್ದವಳಿಗೆ ರಕ್ತ ತುಂಬಿದೆ ಎಂದು ಬಗೆಯಬೇಡಿ. ಇನ್ನು ಹಂಗಿಸಿದರೆ ನಾಚಿ ಸಣ್ಣಗಾಗುತ್ತಾರೆ ಎಂಬುದು ಶುದ್ಧ ಭ್ರಮೆ. ಹಂಗಿಸಿಕೊಂಡ ಮಗು ಮೈದಾನ ಬಿಟ್ಟು ಮೂಲೆ ಸೇರುತ್ತದೆ, ಕದ್ದು ತಿನ್ನುತ್ತದೆ.

‘ಮಕ್ಕಳಿಗೆ ಏನು ತಿಳಿಯುತ್ತದೆ? ಕೇಳಿದರೆ ಚಿಪ್ಸ್ ಪೊಟ್ಟಣ ಬೇಕೆನ್ನುತ್ತಾರೆ’ ಎಂದು ನೀವು ಹೇಳಬಹುದು. ಕೇಳುವುದೆಂದರೆ ಕೇಳಿದ್ದನ್ನೆಲ್ಲ ಕೊಡುವುದಲ್ಲ. ರಕ್ತ ಪರೀಕ್ಷೆ ಬೇಕೋ ಬೇಡವೋ ಎನ್ನುವುದು ವೈದ್ಯರ ಕೆಲಸ. ಸಕ್ಕರೆ ಕಾಯಿಲೆಯ ಲಕ್ಷಣ ಕಂಡರೆ ದೊಡ್ಡವರು ಗಟ್ಟಿಯಾಗಿ ನಿಲ್ಲಲೇಬೇಕು, ಕಾರಣವನ್ನು ಮಗುವಿಗೆ ತಿಳಿಸಿಯೇ ನಿಲ್ಲಬೇಕು. ಆದರೆ ಮೊದಲು ಏನು ಬದಲಿಸುವುದು, ಎಷ್ಟು ಬದಲಿಸುವುದು ಎಂಬುದರಲ್ಲಿ ತಿನ್ನುವ ಬಾಯಿಗೂ ನಡೆಯುವ ಕಾಲಿಗೂ ಒಂದು ಮಾತು ಇರಬೇಡವೇ? ನಾವು ಕಾವಲು ಕೂರುವುದು ಎಷ್ಟು ದಿನ? ಪಿಯುಸಿ ಮುಗಿಸಿ ಹುಬ್ಬಳ್ಳಿಯ ಹಾಸ್ಟೆಲ್ಲಿಗೋ ಬೆಂಗಳೂರಿನ ಪೇಯಿಂಗ್ ಗೆಸ್ಟಿಗೋ ಹೋದ ಮೇಲೆ ತಟ್ಟೆ ಅವರ ಕೈಯಲ್ಲೇ ಇರುತ್ತದೆ.

ಇದು ನಾನು ಹೊಸದಾಗಿ ಹೇಳುತ್ತಿರುವುದೂ ಅಲ್ಲ. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿತು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಮಾಡಿ ಶೌಚಾಲಯದ ಬಗ್ಗೆ, ಬಸ್ಸಿನ ಬಗ್ಗೆ ಮಕ್ಕಳನ್ನು ಕೇಳುತ್ತೇವೆ. ಊರಿನ ರಸ್ತೆಯ ಬಗ್ಗೆ ಹೇಳಬಲ್ಲ ಮಗು ತನ್ನ ಹೊಟ್ಟೆಯ ಬಗ್ಗೆ ಹೇಳಲಾರದೇ?

ಹಾಗಾಗಿ ವೈದ್ಯರೇ, ತಾಯಿಯ ಮಾತು ಕೇಳಿದ ಮೇಲೆ ಐದು ನಿಮಿಷ ಹುಡುಗಿಯ ಮಾತನ್ನೂ ಕೇಳಿ. ಬೇಕಾದರೆ ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಸಹೋದ್ಯೋಗಿಗಳೇ, ಇಡೀ ತರಗತಿಯ ಎದುರು ತೂಕ ಕೂಗಿ ಹೇಳುವುದನ್ನು ಬಿಡಿ. ಎಸ್ಸೆಸ್ಸೆಲ್ಸಿಯ ನೆಪ ಹೇಳಿ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದನ್ನೂ ಬಿಡಿ. ಅಪ್ಪ ಅಮ್ಮಂದಿರೇ, ಅನ್ನದ ಪಾತ್ರೆ ಮುಚ್ಚಿಡುವ ಮೊದಲು ‘ಇವತ್ತು ಮಧ್ಯಾಹ್ನ ಎಂತ ಉಂಡೆ?’ ಎಂದು ಒಂದು ಮಾತು ಕೇಳಿ. ಆಮೇಲೆ ಮಗು ಹೇಳಿ ಮುಗಿಸುವವರೆಗೆ ಸುಮ್ಮನಿರಿ.