ಎದೆಬಡಿತದ ಭಯವೂ ದಾಂಪತ್ಯವೂ

ನಲವತ್ತು ದಾಟಿದ ಗೃಹಸ್ಥರೊಬ್ಬರು ದಾದರ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಲೋಕಲ್ ಗಾಡಿಗಾಗಿ ಕಾದು ನಿಂತಿದ್ದಾರೆಂದು ಭಾವಿಸೋಣ. ಏಕಾಏಕಿ ಎದೆ ಡವಗುಟ್ಟುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಅಂಗೈ ಬೆವರುತ್ತದೆ. ಇದೇ ಕೊನೆಗಳಿಗೆಯೆಂಬ ಭೀತಿ ಆವರಿಸುತ್ತದೆ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದ ವೈದ್ಯರು ಹೃದಯ ಚೆನ್ನಾಗಿದೆ ಎನ್ನುತ್ತಾರೆ. ಮನೆಯವರಿಗೆ ಸಮಾಧಾನ, ಅವರಿಗಿಲ್ಲ. ಆ ಭೀತಿ ಮತ್ತೆ ಮತ್ತೆ ಮರುಕಳಿಸಿ, ಇನ್ನೆಂದು ಬರುವುದೋ ಎಂಬ ಕಾತರವೇ ಕಾಯಿಲೆಯಾಗುತ್ತದೆ. ಇದೇ ಪ್ಯಾನಿಕ್ ಡಿಸಾರ್ಡರ್. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗಸೂಚಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು.

ಈ ವ್ಯಾಧಿ ಶಯನಗೃಹವನ್ನೂ ಪ್ರವೇಶಿಸುತ್ತದೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸಮಾಗಮದ ವೇಳೆ ಎದೆಬಡಿತ ಏರುವುದು, ಉಸಿರು ಜೋರಾಗುವುದು, ಮೈ ಬೆವರುವುದು ಪ್ರಕೃತಿಸಹಜ. ಭೀತಿಯ ಲಕ್ಷಣಗಳೂ ಇವೇ ಅಲ್ಲವೆ? ಶರೀರದ ನಿರಪಾಯಕರ ಸೂಚನೆಯನ್ನು ಮಹಾ ಅನಾಹುತವೆಂದು ತಪ್ಪಾಗಿ ಓದಿಕೊಳ್ಳುವುದೇ ಈ ರೋಗದ ತಿರುಳೆಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಬಡಿತದಿಂದ ಭಯ, ಭಯದಿಂದ ಇನ್ನಷ್ಟು ಬಡಿತ. ಚಕ್ರಬಡ್ಡಿಯಂತೆ ಅದು ಬೆಳೆಯುತ್ತದೆ. ಗಂಡ ಹಾಸಿಗೆಯಿಂದ ಎದ್ದುಹೋಗುತ್ತಾನೆ. ತನ್ನಲ್ಲೇ ಏನೋ ಕೊರತೆಯೆಂದು ಹೆಂಡತಿ ಕೊರಗುತ್ತಾಳೆ. ಎರಡು ಕೋಣೆಯ ಮನೆ, ಊರಿನಿಂದ ಬಂದ ಅತ್ತೆಮಾವ, ಪರೀಕ್ಷೆಗೆ ಓದುವ ಮಕ್ಕಳು: ನೆಪಗಳಿಗೆ ಮುಂಬಯಿಯಲ್ಲಿ ಬರವೆ? ಪುರುಷರಿಗಿಂತ ಸ್ತ್ರೀಯರಲ್ಲಿ ಈ ವ್ಯಾಧಿ ಸುಮಾರು ಇಮ್ಮಡಿ. ಆದರೆ ಹೆಂಡತಿ ಹಿಂಜರಿದಾಗ ಅದು ರೋಗವೆನಿಸದೆ ಹಟವೆನಿಸುತ್ತದೆ, ಇದು ಅನ್ಯಾಯ.

ದೂರವಿದ್ದುಬಿಟ್ಟರೆ ತೊಂದರೆ ತಪ್ಪೀತೆಂದು ಅನೇಕರು ನಂಬುತ್ತಾರೆ. ಹಾಗೆ ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಆದುದರಿಂದಲೇ ಚಿಕಿತ್ಸಕರು ಮೆಟ್ಟಿಲು ಹತ್ತಿಸಿ, ನಿಂತಲ್ಲೇ ಓಡಿಸಿ, ಬೇಕೆಂದೇ ಎದೆಬಡಿತ ಏರಿಸಿ, ಅದರಿಂದ ಅಪಾಯವಿಲ್ಲವೆಂಬುದನ್ನು ರೋಗಿಗೆ ಅಭ್ಯಾಸ ಮಾಡಿಸುತ್ತಾರೆ. ಹೃದ್ರೋಗವಿಲ್ಲವೆಂದು ವೈದ್ಯರಿಂದ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಹೊಸದಾಗಿ ಎದೆನೋವು ಬಂದರೆ ಅದನ್ನು ಭಯವೆಂದು ತಳ್ಳಿಹಾಕುವಂತಿಲ್ಲ.

ಮನೆಯಲ್ಲಿ ಆಗಬೇಕಾದುದು ಮಾತುಕತೆ, ಅದೂ ಹಾಸಿಗೆಯ ಮೇಲಲ್ಲ. ಹಗಲಿನಲ್ಲಿ, ಇಬ್ಬರೂ ಶಾಂತರಾಗಿರುವಾಗ. ಭೀತಿ ತಲೆದೋರಿದರೆ ತಿಳಿಸಲು ಒಂದು ಸಂಕೇತವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆಗ ಎದ್ದು ಓಡದೆ, ಕೈ ಹಿಡಿದು ಪಕ್ಕದಲ್ಲೇ ಇದ್ದು, ಉಸಿರನ್ನು ನಿಧಾನವಾಗಿ ಹೊರಬಿಡುತ್ತಿದ್ದರೆ ಸಾಕು. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಅನಂತರ ಮುಂದುವರಿಯುವುದೂ ನಿದ್ರಿಸುವುದೂ ಇಬ್ಬರ ಇಚ್ಛೆಗೆ ಬಿಟ್ಟದ್ದು. ಅದು ತೀರಿಸಲೇಬೇಕಾದ ಬಾಕಿಯಲ್ಲ. ಧೈರ್ಯಕ್ಕೆಂದು ಮದ್ಯ ಸೇವಿಸುವವರ ಆತಂಕ ಮರುದಿನ ಹೆಚ್ಚುತ್ತದೆ. ರಾತ್ರಿಯ ಫಿಲ್ಟರ್ ಕಾಫಿಯನ್ನೂ ಬಿಡುವುದು ಲೇಸು, ಕನ್ನಡಿಗರಿಗೆ ಇದು ಕಠಿಣವೇ ಸರಿ.

ಔಷಧದ ವಿಷಯ ಇನ್ನೂ ಸೂಕ್ಷ್ಮ. ಸರ್ಟ್ರಲೀನ್, ಪ್ಯಾರೊಕ್ಸಿಟೀನ್ ಮುಂತಾದ ಮಾತ್ರೆಗಳು ಭೀತಿಯನ್ನು ತಗ್ಗಿಸುತ್ತವೆ. ಆದರೆ ಕೆಲವರಲ್ಲಿ ಕಾಮೇಚ್ಛೆಯನ್ನು ಕುಗ್ಗಿಸುತ್ತವೆ, ತೃಪ್ತಿಯನ್ನು ವಿಳಂಬಿಸುತ್ತವೆ. ರೋಗಿ ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾನೆ. ತಲೆಸುತ್ತು, ತಳಮಳ ಶುರುವಾಗುತ್ತವೆ, ಭೀತಿಯೂ ಮರಳಬಹುದು. ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಲು ವೈದ್ಯರಿಗೆ ಸಾಧ್ಯವಿದೆ, ಆದರೆ ಅವರಿಗೆ ಗೊತ್ತಾಗಬೇಕಲ್ಲ! ರಕ್ತದೊತ್ತಡ ವಿಚಾರಿಸುವಷ್ಟೇ ಸಹಜವಾಗಿ ದಾಂಪತ್ಯದ ಬಗೆಗೂ ವೈದ್ಯರೇ ವಿಚಾರಿಸಬೇಕು. ವಿಚಾರಿಸದಿದ್ದರೆ ಅದು ಚಿಕಿತ್ಸೆಯ ಲೋಪವೆನ್ನದೆ ವಿಧಿಯಿಲ್ಲ.

ಹೊರನಾಡಿನಲ್ಲಿ ಇನ್ನೊಂದು ತೊಡಕು ಭಾಷೆಯದು. ಕಚೇರಿಯ ವ್ಯವಹಾರವನ್ನೆಲ್ಲ ಹಿಂದಿ, ಮರಾಠಿಗಳಲ್ಲಿ ಸಲೀಸಾಗಿ ನಡೆಸುವವರಿಗೂ ಇಂಥ ಮಾತು ಪರಭಾಷೆಯಲ್ಲಿ ನಾಲಗೆಗೆ ಬಾರದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆ ಹಗಲಿರುಳೂ ಉಚಿತ. ಅದು ನೀಡುವ ಭಾಷೆಗಳಲ್ಲಿ ಕನ್ನಡವೂ ಒಂದು. ಸಂಖ್ಯೆ 14416. ಕನ್ನಡ ಬಲ್ಲವರೇ ಬೇಕೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.