ಉಸಿರಾಟದ ಪಾಠವೂ ಪರಭಾಷೆಯಲ್ಲೇ?



ಎಳೆಯ ಮಕ್ಕಳಿಗೆ ತರಗತಿಯಲ್ಲೇ ಯೋಗ ಕಲಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ವಿಶ್ವಸಂಸ್ಥೆಯು 2014ರಲ್ಲಿ ಜೂನ್ 21ನ್ನು ಅಂತಾರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿದ ಮೇಲಂತೂ ಶಾಲೆಗಳಲ್ಲಿ ಅದರ ಆಚರಣೆ ರೂಢಿಯಾಗಿದೆ. ಇದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಅದನ್ನು ಯಾವ ಭಾಷೆಯಲ್ಲಿ ಕಲಿಸಬೇಕೆಂದು ಕೇಳಿದರೆ, "ಕೈಕಾಲು ಆಡಿಸಲು ಭಾಷೆ ಏಕೆ? ನೋಡಿ ಮಾಡಿದರಾಯಿತು" ಎನ್ನುವವರಿದ್ದಾರೆ. ದಯವಿಟ್ಟು ಈ ಮಾತನ್ನು ಒಪ್ಪಬೇಡಿ.

ಬರಿದೇ ನೋಡಿ ಮಾಡುವುದು ಕವಾಯತು, ಯೋಗವಲ್ಲ. ಆಸನವು ಸ್ಥಿರವಾಗಿಯೂ ಸುಖಕರವಾಗಿಯೂ ಇರಬೇಕೆಂದು ಪತಂಜಲಿಯೇ ಹೇಳಿದ್ದಾನೆ. ಸುಖವಾಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಮಗು. "ಉಸಿರು ಎಲ್ಲಿ ತಾಗಿತು? ಮೂಗಿನ ತುದಿಗೋ, ಎದೆಗೋ, ಹೊಟ್ಟೆಗೋ? ಎಲ್ಲಾದರೂ ನೋಯುತ್ತಿದೆಯೇ?" ಎಂದು ಶಿಕ್ಷಕರು ಕೇಳಬೇಕು, ಮಗು ಉತ್ತರಿಸಬೇಕು. ಮಾತು ತಿಳಿಯದ ಮಗು ಪಕ್ಕದವನನ್ನು ನೋಡುತ್ತದೆ. ತನ್ನ ಮೈಮೇಲೆ ಇರಬೇಕಾದ ಗಮನವೆಲ್ಲ ಪಕ್ಕದವನ ಮೇಲೆ ಹೋದರೆ ಪಾಠದ ಉದ್ದೇಶವೇ ಹಾಳಾಯಿತಲ್ಲವೇ?

ರಾಯದುರ್ಗದ ಕಡೆಯ ಒಂದನೇ ತರಗತಿಯ ಮಗುವಿಗೆ ತೆಲುಗಿನಲ್ಲಿ "ಕುಡಿ ಕಾಲು" ಎಂದರೆ ಬಲಗಾಲೆಂದು ಹೇಗೆ ತಿಳಿಯಬೇಕು? ಅದಕ್ಕೆ ಕುಡಿ ಎಂದರೆ ನೀರು ಕುಡಿಯುವುದು. ಜತ್ತಿನ ಮಗುವಿಗೆ ಮರಾಠಿಯಲ್ಲಿ "ಶ್ವಾಸ ಸೋಡಾ" ಎಂದರೆ ಉಸಿರು ಬಿಡುವುದು ನೆನಪಾಗುವುದಿಲ್ಲ, ಅಂಗಡಿಯ ಸೋಡಾ ಬಾಟಲಿ ನೆನಪಾಗುತ್ತದೆ. ಬೀದಿಯಲ್ಲಿ ಆಡಿ ರಾಜ್ಯಭಾಷೆ ಕಲಿತ ಮಕ್ಕಳೂ ಇದ್ದಾರೆ, ನಿಜ. ಆದರೆ ಮೈಯೊಳಗಿನ ಬಿಗಿ, ಸೆಳೆತ, ಹಗುರ, ಸುಸ್ತು ಇವನ್ನೆಲ್ಲ ಹೇಳಲು ಬರುವುದು ತಾಯಿ ಕಲಿಸಿದ ಮಾತಿನಲ್ಲಿಯೇ.

ಕನ್ನಡಕ್ಕೆ ಈ ವಿದ್ಯೆ ಹೊಸದೂ ಅಲ್ಲ. 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ 'ಯೋಗ ಮಕರಂದ'ವನ್ನು ಬರೆದದ್ದು ಕನ್ನಡದಲ್ಲಿ. ಆಸನಗಳನ್ನು ದೇಶವಿದೇಶಗಳಿಗೆ ಮುಟ್ಟಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಅವರ ಶಿಷ್ಯರು. ಹೀಗಿರುವಾಗ ನಮ್ಮ ಮಕ್ಕಳು ಕನ್ನಡದಲ್ಲಿ ಯೋಗ ಕಲಿಯಲಾರರೆಂದರೆ ನಂಬುವುದು ಹೇಗೆ?

"ಇದು ಬರೀ ಆಟದ ಪಿರಿಯಡ್ಡು, ಇಷ್ಟಕ್ಕೇಕೆ ಗಲಾಟೆ?" ಎಂದೂ ಹೇಳಬಹುದು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಪಾಲಕರು ಪ್ರತಿಭಟನೆಗೆ ಇಳಿಯಬೇಕಾಯಿತೆಂಬುದನ್ನು ಮರೆಯಬೇಡಿ. ಇಂದು ಯೋಗವನ್ನು ಬಿಟ್ಟುಕೊಟ್ಟರೆ ನಾಳೆ ಗಣಿತವನ್ನು ಕೇಳುವ ಧೈರ್ಯ ನಮಗೆಲ್ಲಿಂದ ಬರಬೇಕು? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಕಲಮೂ ಸಾಧ್ಯವಿದ್ದಷ್ಟು ಮಟ್ಟಿಗೆ ಮಾತೃಭಾಷೆಯಲ್ಲೇ ಬೋಧನೆ ಎನ್ನುತ್ತದೆ. ಆಟದ ಪಿರಿಯಡ್ಡನ್ನು ಬಿಟ್ಟು ಎಂದು ಇವೆರಡರಲ್ಲೂ ಬರೆದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ತರಗತಿಯ ಕನ್ನಡ ಶಿಕ್ಷಕರಿಗೇ ತರಬೇತಿ ಕೊಡಿ, ಕೈಪಿಡಿಯನ್ನು ಕನ್ನಡದಲ್ಲಿ ಕೊಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಮರದಂತೆ ನಿಲ್ಲುವುದು, ಬೆಕ್ಕಿನಂತೆ ಬೆನ್ನು ಬಾಗಿಸುವುದು, ಚಿಟ್ಟೆಯಂತೆ ಕಾಲು ಆಡಿಸುವುದು, ಕೊನೆಗೆ ಕಣ್ಣು ಮುಚ್ಚಿ ತನ್ನ ಉಸಿರನ್ನು ತಾನೇ ಗಮನಿಸುವುದು. ಎಳೆಯರಿಗೆ ಉಸಿರು ಕಟ್ಟಿಸುವುದು ಬೇಡ, ಶೀರ್ಷಾಸನ ಬೇಡ, ಊಟವಾದ ಕೂಡಲೇ ಬೇಡ, ಸ್ಪರ್ಧೆಯಂತೂ ಬೇಡವೇ ಬೇಡ. ನಮ್ಮ ಶಾಲೆಗಳಲ್ಲಿ ಎಲ್ಲ ಮತದ ಮಕ್ಕಳೂ ಇರುವುದರಿಂದ ಮಂತ್ರಪಠಣದ ಒತ್ತಾಯವೂ ಬೇಡ.

ಪಾಲಕರೇ, ಬರುವ ಶಿಕ್ಷಕ-ರಕ್ಷಕ ಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ನಿರ್ಣಯ ಮಾಡಿಸಿ, ಶಿಕ್ಷಣಾಧಿಕಾರಿಗೆ ಕಳುಹಿಸಿ, ಅದರ ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿ. ಅದಕ್ಕೂ ಮೊದಲು ಇಂದು ಸಂಜೆ ನಿಮ್ಮ ಮಗುವನ್ನು ಕೇಳಿ ನೋಡಿ: "ಯೋಗದ ಪಿರಿಯಡ್ಡಿನಲ್ಲಿ ಹೇಳಿದ್ದು ನಿನಗೆ ಅರ್ಥವಾಯಿತೇ?" ಇಲ್ಲವೆಂದರೆ, ಸುಮ್ಮನೆ ಕೂರುವ ಹಕ್ಕು ನಿಮಗಿಲ್ಲ.