ಕುಂಬಾರನ ಆವಿಗೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ವರುಷದ ದುಡಿಮೆಯೆಲ್ಲವೂ ಆವಿಗೆಯ ಬೆಂಕಿಯನ್ನು ನಂಬಿ ನಿಂತಿರುವುದೆಂಬುದನ್ನು ನೆನೆಯುವವರು ಕಡಮೆ. ತಿಗರಿಯ ಮೇಲೆ ಎಷ್ಟೇ ಅಂದವಾಗಿ ತಿದ್ದಿದರೂ ಹಸಿಯ ಮಡಕೆಗೆ ನೀರೆರೆದರೆ ಅದು ಕರಗಿ ಮತ್ತೆ ಕೆಸರಾಗುತ್ತದೆ. ಬೆಂದ ಮೇಲೆಯೇ ಅದು ನೀರನ್ನು ಹಿಡಿದು ನಿಲ್ಲಬಲ್ಲುದು.

ಇದನ್ನು ಕಂಡ ಕ್ರೈಸ್ತ ಉಪದೇಶಕರು, ದೇವರೇ ಕುಂಬಾರನು, ದುಃಖವೇ ಬೆಂಕಿ, ಆತನು ನಮ್ಮನ್ನು ಸುಟ್ಟು ಗಟ್ಟಿಮಾಡುತ್ತಾನೆ ಎಂದು ಹೇಳುವುದುಂಟು. ನನ್ನ ತಂದೆಯವರು ತೀರಿಕೊಂಡ ವಾರ ಹಿರಿಯರೊಬ್ಬರು ಮನೆಗೆ ಬಂದು ತಾಯಿಗೆ ಇದೇ ಮಾತನ್ನು ಹೇಳಿದರು. ಅವಳು ಸುಮ್ಮನೆ ತಲೆಯಾಡಿಸಿದಳು. ಅವರು ಹೊರಟುಹೋದ ಮೇಲೆ, “ಗಟ್ಟಿಯಾಗಬೇಕೆಂದು ನಾನು ಯಾರನ್ನು ಕೇಳಿದ್ದೆ?” ಎಂದಳು. ಅಂದಿನಿಂದ ಈ ಹೋಲಿಕೆಯು ನನ್ನನ್ನು ಕಾಡುತ್ತಿದೆ. ಹೋಲಿಕೆಯು ಸುಳ್ಳಲ್ಲ, ಅದನ್ನು ಅರ್ಧವೇ ತಿಳಿದು ಆಡುತ್ತಿದ್ದೇವೆಂಬುದು ನನ್ನ ಅಭಿಪ್ರಾಯ.

ಕುಂಬಾರನು ಬೆಂಕಿಯನ್ನು ನಡೆಸುವ ಬಗೆಯನ್ನು ನೋಡಿರಿ. ಮೊದಲು ಮಡಕೆಗಳನ್ನು ದಿನಗಟ್ಟಲೆ ಒಣಗಿಸುತ್ತಾನೆ. ಒಳಗೆ ತೇವವುಳಿದಿರುವಾಗ ಉರಿ ಜೋರಾದರೆ ಆ ನೀರು ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. ಆದುದರಿಂದ ಮೊದಲು ಹೊಗೆಯಾಡುವ ಸಣ್ಣ ಬೆಂಕಿ. ಆಮೇಲೆ ದೊಡ್ಡ ಉರಿ. ಸುಮಾರು 500–600 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಜೇಡಿಮಣ್ಣಿನ ಕಣಗಳಲ್ಲಿ ಬೆಸೆದುಕೊಂಡಿದ್ದ ನೀರೂ ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಆ ಮಣ್ಣು ಮತ್ತೆ ಕೆಸರಾಗದು. ಆರಿಸುವಾಗಲೂ ಅವಸರ ಸಲ್ಲದು. ಕಾದ ಆವಿಗೆಯನ್ನು ತೆರೆದರೆ ತಣ್ಣನೆಯ ಗಾಳಿ ಸೋಕಿ ಮಡಕೆ ಬಿರಿಯುತ್ತದೆ. ಹೀಗೆ ಎಚ್ಚರದಿಂದ ಕಾಯುವವನಿಲ್ಲದಿದ್ದರೆ ಅದೇ ಬೆಂಕಿಯಿಂದ ದೊರೆಯುವುದು ಬರಿಯ ಬೋಕಿ.

ಇದಲ್ಲದೆ ಗಟ್ಟಿತನಕ್ಕೂ ಒಂದು ಬೆಲೆಯುಂಟು. ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ ಕೈಯಲ್ಲಿ ಕೆಟ್ಟ ಪಾತ್ರೆಯನ್ನು ಕುಂಬಾರನು ಅದೇ ಮಣ್ಣಿನಿಂದ ಬೇರೊಂದು ಪಾತ್ರೆಯಾಗಿ ಮಾಡುತ್ತಾನೆ. ಮುಂದಿನ ಅಧ್ಯಾಯದಲ್ಲಿಯೋ, ಪ್ರವಾದಿಯು ಒಡೆದ ಮಣ್ಣಿನ ಕೂಜೆಯನ್ನು ಮತ್ತೆ ಸರಿಪಡಿಸುವಂತಿಲ್ಲ. ದುಃಖದಲ್ಲಿ ಬೆಂದು ಕಲ್ಲಾದವರನ್ನು ನಾವು ಕಂಡಿಲ್ಲವೆ? ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಭಕ್ತರನ್ನು ಮಣ್ಣಿನ ಪಾತ್ರೆಗಳಿಗೆ ಹೋಲಿಸಿದಾಗ ಪಾತ್ರೆಯ ಗಟ್ಟಿತನವನ್ನು ಹೊಗಳಲಿಲ್ಲ. ಅದರೊಳಗಿರುವ ನಿಧಿಯನ್ನು ಹೊಗಳಿದನು.

ಇನ್ನೊಂದು ಮಾತು. ಕುಂಬಾರನು ಎಷ್ಟೇ ಎಚ್ಚರವಾಗಿದ್ದರೂ ಆವಿಗೆಯ ಹೊರಗೇ ಇರುತ್ತಾನೆ. ಕ್ರೈಸ್ತ ಶ್ರದ್ಧೆಯು ಇಲ್ಲಿ ಹೋಲಿಕೆಯನ್ನು ದಾಟಿ ಮುಂದೆ ಹೋಗುತ್ತದೆ. ದಾನಿಯೇಲನ ಗ್ರಂಥದಲ್ಲಿ ಮೂವರನ್ನು ಉರಿಯುವ ಕುಲುಮೆಗೆ ಎಸೆದಾಗ, ಒಳಗೆ ನಾಲ್ವರು ನಡೆದಾಡುವುದು ಅರಸನಿಗೆ ಕಾಣಿಸಿತು. ಶಿಲುಬೆಯ ಅರ್ಥವೂ ಇದೇ ಎಂದು ನಾನು ತಿಳಿದಿದ್ದೇನೆ: ಮಡಕೆಯನ್ನು ಮಾಡಿದಾತನು ತಾನೂ ಮಣ್ಣಾಗಿ ಆವಿಗೆಯೊಳಕ್ಕೆ ಬಂದನು.

ಆದುದರಿಂದ ಶೋಕದ ಮನೆಗೆ ಹೋದಾಗ ಬೆಂಕಿಯ ಗುಣಗಳನ್ನು ವರ್ಣಿಸುವುದು ನಮಗೆ ಬೇಡ. ಅಂದು ನಮ್ಮ ಮನೆಗೆ ನೆರೆಮನೆಯ ಮುದುಕಿಯೊಬ್ಬಳೂ ಬಂದಿದ್ದಳು. ಅವಳು ಯಾವ ಉಪದೇಶವನ್ನೂ ಮಾಡಲಿಲ್ಲ. ದೀಪಕ್ಕೆ ಎಣ್ಣೆ ಹಾಕುತ್ತ ಬೆಳಗಾಗುವವರೆಗೆ ತಾಯಿಯ ಪಕ್ಕದಲ್ಲಿ ಕುಳಿತಿದ್ದಳು. ಆವಿಗೆಯ ಪಾಠವನ್ನು ಪೂರ್ತಿಯಾಗಿ ತಿಳಿದಿದ್ದವಳು ಅವಳೇ ಎಂದು ಈಗ ನನಗೆ ತೋರುತ್ತದೆ.